ಸರ್ವರಕ್ಕನ ಬಿಡುಗಡೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಲಿಫ್ಟಿನಿಂದ ಇಳಿದು ಎಡಕ್ಕೆ ತಿರುಗಿದರೆ ಶವಾಗಾರ, ಬಲಕ್ಕೆ ತಿರುಗಿದರೆ ಸರ್ವರ್ ಕೋಣೆ. ಎರಡೂ ಕಡೆ ತಣ್ಣನೆಯ ಗಾಳಿ, ಎರಡೂ ಕಡೆ ಕಿಟಕಿಯಿಲ್ಲ. ದಿನವೂ ಬಲಕ್ಕೆ ತಿರುಗುತ್ತಿದ್ದ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ವೈದ್ಯರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರಿಗೂ ಅವಳು ಸರ್ವರಕ್ಕ.

"ಎಡಕ್ಕೆ ಹೋದವ್ರೂ ಮೇಲೆ ಬರಲ್ಲ, ಬಲಕ್ಕೆ ಹೋದ ನೀವೂ ಬರಲ್ಲ," ಎಂದು ಲಿಫ್ಟಿನವನು ಅವಳನ್ನು ಛೇಡಿಸುತ್ತಿದ್ದ. "ಒಂದೇ ವ್ಯತ್ಯಾಸ ಅಕ್ಕ, ಅವ್ರಿಗೆ ಫೋನ್ ಬರಲ್ಲ."

ಅವಳೂ ನಗುತ್ತಿದ್ದಳು. ಫೋನ್ ಬರುತ್ತಿದ್ದುದು ಮಾತ್ರ ನಿಜ.

ಆಸ್ಪತ್ರೆಗೆ ಬಂದ ಪ್ರತಿ ರೋಗಿಯ ಹೆಸರು, ರಕ್ತದ ಗುಂಪು, ಪರೀಕ್ಷೆಯ ಫಲಿತಾಂಶ, ಯಾವ ಔಷಧಿ ಒಗ್ಗುವುದಿಲ್ಲ ಎಂಬುದೂ ಸೇರಿ ಎಲ್ಲವೂ ಆ ಕೋಣೆಯ ಡೇಟಾಬೇಸ್ ಸರ್ವರುಗಳಲ್ಲಿತ್ತು. ಅವಳು ಕೆಲಸಕ್ಕೆ ಸೇರಿದ ಕಾಲದಲ್ಲಿ ಆ ಯಂತ್ರಗಳನ್ನೆಲ್ಲ ಒಬ್ಬ ಎಂಜಿನಿಯರು ಕೈಯಿಂದಲೇ ಅಣಿಗೊಳಿಸಿದ್ದರು. ಯಾವುದಕ್ಕೆ ಏನು ಮಾಡಿದೆ ಎಂಬುದು ಅವರ ತಲೆಯಲ್ಲಿತ್ತು. ತಲೆಯ ಜೊತೆಗೇ ಅವರು ಬೇರೆ ಕೆಲಸಕ್ಕೆ ಹೋದರು. ಆಮೇಲೆ ಒಂದು ಸರ್ವರ್ ಕೆಟ್ಟು ನಿಂತಾಗ ಅದನ್ನು ಮತ್ತೆ ಹಾಗೆಯೇ ಕಟ್ಟುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ರೋಗಿಗಳು ಕಾಗದ ಹಿಡಿದುಕೊಂಡು ಮಹಡಿಯಿಂದ ಮಹಡಿಗೆ ಅಲೆದರು. ಒಬ್ಬರ ರಕ್ತದ ವರದಿ ಇನ್ನೊಬ್ಬರ ಹಾಸಿಗೆಗೆ ಹೋಯಿತು. ನರ್ಸೊಬ್ಬಳ ಕಣ್ಣಿಗೆ ಬೀಳದಿದ್ದರೆ ಏನಾಗುತ್ತಿತ್ತೋ.

ಆಗ ಅವಳು ದಾಖಲೆ ತುಂಬುವ ವಿಭಾಗದಲ್ಲಿದ್ದಳು. ಪದವಿ ಕಂಪ್ಯೂಟರಿನದೇ ಆಗಿದ್ದರಿಂದ "ನೀನೇ ನೋಡಮ್ಮ" ಎಂದು ಕೆಳಗೆ ಕಳಿಸಿದರು. ಅವಳು ನೋಡಿದಳು, ಕಲಿತಳು, ಬರೆದಳು. ಸರ್ವರ್ ಹೀಗಿರಬೇಕು ಎಂಬುದನ್ನೆಲ್ಲ ಯಂತ್ರ ತಾನೇ ಓದಿ ಮಾಡುವಂಥ ಕೋಡಿನಲ್ಲಿ ಬರೆದಿಟ್ಟಳು: ಯಾವ ತಂತ್ರಾಂಶ, ಯಾವ ಸೆಟ್ಟಿಂಗ್, ಒಳಗೆ ಬರಲು ಯಾರಿಗೆ ಅನುಮತಿ, ಬ್ಯಾಕಪ್ ಯಾವಾಗ. ಅರ್ಧ ಗಂಟೆಗೊಮ್ಮೆ ಆ ಕೋಡು, ಅಡುಗೆಮನೆಗೆ ಸುತ್ತು ಬರುವ ಅತ್ತೆಯ ಹಾಗೆ, ಪ್ರತಿ ಯಂತ್ರಕ್ಕೂ ಹೋಗಿ ಬರೆದದ್ದಕ್ಕೂ ಇರುವುದಕ್ಕೂ ತಾಳೆ ನೋಡುತ್ತಿತ್ತು. ಎಲ್ಲಿ ಕೊಂಚ ಆಚೀಚೆ ಕಂಡರೂ ಹೇಳದೆ ಕೇಳದೆ ಮೊದಲಿನಂತೆ ಮಾಡಿಟ್ಟು ಬರುತ್ತಿತ್ತು.

ಕೋಣೆಯ ಗೋಡೆಗೆ ಅವಳು ಮೂರು ನಿಯಮ ಅಂಟಿಸಿದ್ದಳು. ಯಂತ್ರವನ್ನು ಕೈಯಿಂದ ತಿದ್ದಬಾರದು, ಕೋಡಿನಲ್ಲೇ ಬರೆಯಬೇಕು. ಒಂದು ಬದಲಾವಣೆಯಲ್ಲಿ ಒಂದೇ ವಿಷಯ. ಬರೆದವರೇ ಒಪ್ಪಬಾರದು, ಇನ್ನೊಬ್ಬರು ಓದಿ ಒಪ್ಪಬೇಕು. ಈ ಕೊನೆಯ ನಿಯಮವನ್ನು ಕೋಡಿಗೂ ಹೇಳಿಕೊಟ್ಟಿದ್ದಳು. ಅನುಮತಿಯ ಪಟ್ಟಿಯಲ್ಲಿ ಕನಿಷ್ಠ ಇಬ್ಬರು ಇರಲೇಬೇಕು, ಇಲ್ಲದಿದ್ದರೆ ಅದು ಬದಲಾವಣೆಯನ್ನೇ ಸ್ವೀಕರಿಸುತ್ತಿರಲಿಲ್ಲ. ಪಟ್ಟಿಯಲ್ಲಿದ್ದದ್ದು ಅವಳು ಮತ್ತು ವಿಭಾಗದ ಮುಖ್ಯಸ್ಥರು. ಅವಳು ಬರೆಯುತ್ತಿದ್ದಳು, ಮುಖ್ಯಸ್ಥರು ಫೋನಿನಲ್ಲೇ 'ಒಪ್ಪಿದೆ' ಗುಂಡಿ ಒತ್ತುತ್ತಿದ್ದರು. ಅವರು ಓದುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅವಳ ಗಂಡ ಅರ್ಧ ದಿನದ ಬಸ್ ದಾರಿಯಾಚೆಯ ಊರಿನ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್. ಮಗಳು ಮೊದಲು ಇವಳ ಹತ್ತಿರವೇ ಇದ್ದಳು. ಒಂದು ದಿನ ಡಿಸ್ಕ್ ಕೈಕೊಟ್ಟು, ಇವಳು ಹೊತ್ತು ಮರೆತು, ಮಗು ಶಾಲೆಯ ಗೇಟಿನಲ್ಲಿ ಕತ್ತಲಾಗುವವರೆಗೂ ಕಾದು, ಕೊನೆಗೆ ಕಾವಲುಗಾರನ ಹೆಂಡತಿ ಮನೆಗೆ ಕರೆದುಕೊಂಡು ಹೋಗಿದ್ದಳು. ಗಂಡ ಬೈಯಲಿಲ್ಲ. "ಸ್ವಲ್ಪ ದಿನ ನಮ್ಮಮ್ಮನ ಹತ್ರ ಇರ್ಲಿ ಕಣೇ," ಎಂದು ಕರೆದುಕೊಂಡು ಹೋದ. ಆ ಸ್ವಲ್ಪ ದಿನ ಬೆಳೆಯುತ್ತಲೇ ಹೋಯಿತು, ಮಗಳೂ ಬೆಳೆದಳು. ಶನಿವಾರದ ಬಸ್ಸಿಗೆ ಇವಳು ಹೋಗುವುದು, ಭಾನುವಾರದ ಬಸ್ಸಿಗೆ ಬರುವುದು. ಈಚೆಗೆ ಒಂದು ಶನಿವಾರ ಮಗಳು ದಿಂಬು ಹಿಡಿದು ಬಾಗಿಲಲ್ಲಿ ನಿಂತು, "ಅಜ್ಜಿ, ಇವತ್ತು ಅಮ್ಮನ ಜೊತೆ ಮಲಗ್ಲಾ?" ಎಂದು ಕೇಳಿದ್ದಳು. ಕೇಳಿದ್ದು ಅಜ್ಜಿಯನ್ನು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ತಾಯಿಗೆ ಆ ಮಾತು ಹಲ್ಲಿನ ಸಂದಿಯ ನಾರಿನಂತೆ ಸಿಕ್ಕಿಕೊಂಡಿತು.

ಮರುವಾರವೇ ಅವಳು ವರ್ಗಾವಣೆಗೆ ಅರ್ಜಿ ಹಾಕಿದಳು. ಗಂಡನ ಊರಿನ ಆಸ್ಪತ್ರೆಯಲ್ಲಿ ದಾಖಲೆ ವಿಭಾಗದಲ್ಲಿ ಒಂದು ಜಾಗ ಖಾಲಿಯಿತ್ತು. ಸರ್ವರು ಇಲ್ಲ, ಫೋನು ಇಲ್ಲ, ಐದಕ್ಕೆ ಮನೆ. ಆದೇಶವೂ ಬಂತು. ಮುಂದಿನ ತಿಂಗಳ ಮೊದಲ ಸೋಮವಾರ ಹಾಜರಾಗಬೇಕು, ಆಗದಿದ್ದರೆ ಜಾಗ ಸರದಿಯ ಮುಂದಿನವರಿಗೆ.

ಮುಖ್ಯಸ್ಥರು ಆದೇಶವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು, ಅಲ್ಲಿ ಏನಾದರೂ ತಪ್ಪಿಸಿಕೊಳ್ಳುವ ದಾರಿ ಇರಬಹುದೇನೋ ಎಂಬಂತೆ.

"ಸಂತೋಷನಮ್ಮ. ಆದ್ರೆ ಕೆಳಗಡೆ ಯಾರಿದಾರೆ?"

"ಯಾರನ್ನಾದ್ರೂ ಕೊಡಿ ಸರ್, ಕಲಿಸ್ತೀನಿ."

"ಕೊಡ್ತೀನಿ. ನಿಯಮ ನಿನ್ನದೇ ಅಲ್ವಾ? ಪಟ್ಟಿಯಲ್ಲಿ ಇನ್ನೊಬ್ರ ಹೆಸರು ಸೇರ್ಲಿ, ನಿನ್ನ ಹೆಸರು ಹೋಗ್ಲಿ. ಅವತ್ತೇ ಬಿಡುಗಡೆಗೆ ಸಹಿ ಹಾಕ್ತೀನಿ. ಹೆಸರು ಇರೋವರೆಗೂ ಹಾಕಲ್ಲ."

ಕೆಳಗೆ ಬಂದವರು ಮೇಷ್ಟ್ರು. ಹಿಂದೆ ಶಾಲೆಯೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದು, ಆ ಶಾಲೆ ಮುಚ್ಚಿದ ಮೇಲೆ ಆಸ್ಪತ್ರೆಯ ಉಗ್ರಾಣಕ್ಕೆ ಸೇರಿದ್ದರು. ಐವತ್ತರ ಹತ್ತಿರದ ಮನುಷ್ಯ. ನಿಧಾನ ಎಂದರೆ ನಿಧಾನ. ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದುತ್ತಿದ್ದರು. ಪರದೆಯ ಮೇಲೆ ಅವರ ಬೆರಳಿನ ಗುರುತು ಒರೆಸಿ ಒರೆಸಿ ಅವಳಿಗೆ ಸಾಕಾಯಿತು.

"ಮೇಷ್ಟ್ರೇ, ಇದು ಉತ್ತರಪತ್ರಿಕೆ ಅಲ್ಲ."

"ಗೊತ್ತು ಅಕ್ಕ. ಉತ್ತರಪತ್ರಿಕೆ ಆಗಿದ್ರೆ ಇಷ್ಟೊತ್ತಿಗೆ ಪಾಸು ಮಾಡಿ ಕಳಿಸಿರ್ತಿದ್ದೆ."

ಕಲಿಯಲು ಅವರು ಯಂತ್ರದ ಒಳಗೆ ಹೋಗಬೇಕಿತ್ತು. ಪಟ್ಟಿಗೆ ಅವರ ಹೆಸರು ಸೇರಿಸುವ ಬದಲಾವಣೆಯನ್ನು ಅವಳು ಬರೆದು ಮುಖ್ಯಸ್ಥರಿಗೆ ಕಳಿಸಿದಳು. ಬೇರೆ ಯಾವ ಬದಲಾವಣೆಯನ್ನೂ ಕಣ್ಣುಮುಚ್ಚಿ ಒತ್ತುತ್ತಿದ್ದ ಮನುಷ್ಯ ಇದೊಂದನ್ನು ಮಾತ್ರ ಒತ್ತಲಿಲ್ಲ. ಕೇಳಿದಾಗ, "ನೋಡ್ತಾ ಇದೀನಮ್ಮ, ಸೂಕ್ಷ್ಮವಾದ ವಿಷಯ," ಎಂದರು. ಅವಳು ಸದ್ಯಕ್ಕೆಂದು ಕೈಯಿಂದಲೇ ಮೇಷ್ಟ್ರಿಗೆ ಲಾಗಿನ್ ಮಾಡಿಕೊಟ್ಟಳು. ಕೋಡು ಸುಮ್ಮನಿರುತ್ತದೆಯೇ? ಸುತ್ತು ಬಂತು, ಪಟ್ಟಿಯಲ್ಲಿಲ್ಲದ ಹೆಸರು ಕಂಡಿತು, ಕತ್ತು ಹಿಡಿದು ಹೊರಗೆ ಹಾಕಿತು. ಮತ್ತೆ ಒಳಗೆ ಬಿಟ್ಟಳು, ಅರ್ಧ ಗಂಟೆಗೆ ಮತ್ತೆ ಹೊರಗೆ.

"ನಮ್ಮ ಮನೇಲೂ ಹೀಗೇ ಅಕ್ಕ," ಎಂದರು ಮೇಷ್ಟ್ರು ಚಹಾ ಲೋಟ ಇಳಿಸಿ. "ಕೂತ್ಕೊಂಡು ಬಿಸಿ ಆಗೋ ಹೊತ್ತಿಗೆ ಎಬ್ಬಿಸ್ತಾರೆ."

ಅವಳಿಗೆ ನಗು ಬಂತು. ಆದರೆ ಕೋಡೆಂಬ ಆ ಅತ್ತೆಯನ್ನು ಮನೆಗೆ ತಂದವಳು ತಾನೇ. ಕೋಡನ್ನು ಕೊಂಚ ಹೊತ್ತು ನಿಲ್ಲಿಸಿಬಿಡಬಹುದಿತ್ತು, ಅವಳ ಕೈಯಲ್ಲಿ ಅದು ಒಂದು ಕ್ಷಣದ ಕೆಲಸ. ಬೆರಳು ಅಲ್ಲಿಯವರೆಗೆ ಹೋಗಿ ಹಿಂದೆ ಬಂತು. ವರದಿ ಅದಲುಬದಲಾದ ಆ ಹಾಸಿಗೆ ಅವಳಿಗೆ ಇನ್ನೂ ಮರೆತಿರಲಿಲ್ಲ. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ದಿನ ಸರಿಯುತ್ತ ಬಂತು. ಗಂಡ ಫೋನಿನಲ್ಲಿ, "ಬೀರುವಿನಲ್ಲಿ ನಿಂಗೆ ಒಂದು ಅರೆ ಖಾಲಿ ಮಾಡಿದೀನಿ ಕಣೇ," ಎಂದ. ಹಿಂದಿನಿಂದ ಅತ್ತೆಯ ದನಿ: "ಬಂದ ಮೇಲೆ ಮಾಡ್ಬಹುದಿತ್ತು. ಬರೋದು ಗ್ಯಾರಂಟಿ ಇದ್ಯಾ ಕೇಳು."

"ಇದೆ ಅತ್ತೆ," ಎಂದಳು ಇವಳು, ಅವರಿಗೆ ಕೇಳಿಸದಿದ್ದರೂ.

ಕೊನೆಯ ವಾರದ ಒಂದು ಬೆಳಿಗ್ಗೆ ಹೊರರೋಗಿಗಳ ಕೌಂಟರುಗಳೆಲ್ಲ ಒಮ್ಮೆಗೇ ಸ್ತಬ್ಧವಾದವು. ಡೇಟಾಬೇಸು ತಾನು ಮಾಡಿದ್ದನ್ನೆಲ್ಲ ಲಾಗ್ ಎಂಬ ಕಡತಗಳಲ್ಲಿ ಬರೆದಿಡುತ್ತದೆ. ಆ ಹಳೆಯ ಲಾಗುಗಳು ತುಂಬಿ ಡಿಸ್ಕಿನಲ್ಲಿ ಉಸಿರಾಡಲು ಜಾಗವಿರಲಿಲ್ಲ. ಮೇಲಿನಿಂದ ಫೋನಿನ ಮೇಲೆ ಫೋನು. ಸೆಟ್ಟಿಂಗನ್ನು ಕೈಯಿಂದ ತಿದ್ದಿದರೆ ಕೋಡು ಅರ್ಧ ಗಂಟೆಯಲ್ಲಿ ಅದನ್ನು ಹಳೆಯ ಸ್ಥಿತಿಗೇ ತಂದಿಡುತ್ತದೆ. ಹಾಗಾಗಿ ಲಾಗುಗಳನ್ನು ಬೇಗ ಅಳಿಸುವಂತೆ ಕೋಡಿನಲ್ಲೇ ಬದಲಾವಣೆ ಬರೆದಳು. ಒಂದೇ ಸಾಲು. ಕಳಿಸುವ ಮೊದಲು ಅವಳ ಕೈ ನಿಂತಿತು. ಇದನ್ನು ಮುಖ್ಯಸ್ಥರು ಒತ್ತಲೇಬೇಕು. ಅದರ ಕೆಳಗೆ ಮೇಷ್ಟ್ರ ಹೆಸರಿನ ಸಾಲನ್ನೂ ಸೇರಿಸಿದಳು. ಮುಚ್ಚಿಡಲಿಲ್ಲ, ತಲೆಬರಹದಲ್ಲಿ ಎರಡೂ ವಿಷಯವನ್ನು ಬಿಡಿಸಿಯೇ ಬರೆದಳು. ಕಳಿಸಿ ಫೋನು ಮಾಡಿದಳು.

"ಸರ್, ತುರ್ತು. ದಯವಿಟ್ಟು ಓದಿ ಒತ್ತಿ."

"ಒತ್ತಿದೆನಮ್ಮ," ಎಂದರು ಅವರು. ಅವಳ ಮಾತು ಇನ್ನೂ ಮುಗಿದಿರಲಿಲ್ಲ.

ಕೌಂಟರುಗಳು ಉಸಿರಾಡಿದವು. ಅರ್ಧ ಗಂಟೆ ಕಳೆಯಿತು. ಕೋಡು ಸುತ್ತು ಬಂದು ಹೋಯಿತು. ಮೇಷ್ಟ್ರ ಪರದೆ ಆರಲಿಲ್ಲ. "ಎಬ್ಬಿಸ್ಲಿಲ್ಲ ಅಕ್ಕ!" ಎಂದು ಅವರು ಹುಡುಗರ ಹಾಗೆ ಕೂಗಿದರು.

ಆ ಸಂಜೆಯೇ ಅವಳು ಇನ್ನೊಂದು ಬದಲಾವಣೆ ಬರೆದಳು. ಪಟ್ಟಿಯಿಂದ ತನ್ನ ಹೆಸರನ್ನು ಅಳಿಸುವ ಬದಲಾವಣೆ. ಇಷ್ಟು ವರ್ಷಗಳಲ್ಲಿ ಅವಳು ಬರೆದ ಅತಿ ಚಿಕ್ಕ ಬದಲಾವಣೆ ಅದು. ಮುಖ್ಯಸ್ಥರನ್ನು ಇನ್ನು ಕಾಯಬೇಕಿರಲಿಲ್ಲ. ಪಕ್ಕದಲ್ಲೇ ಕುಳಿತ ಮನುಷ್ಯ ಒಂದು ಗುಂಡಿ ಒತ್ತಿದರೆ ಮೇಲೆ ಹೋಗಿ ಸಹಿ ಹಾಕಿಸುವುದೊಂದೇ ಬಾಕಿ.

ಮೇಷ್ಟ್ರು ಆ ಒಂದು ಸಾಲಿನ ಕೆಳಗೆ ಬೆರಳಿಟ್ಟು ಬಹಳ ಹೊತ್ತು ಕುಳಿತರು.

"ಒಂದೇ ಸಾಲು ಮೇಷ್ಟ್ರೇ."

"ಹೌದು. ಓದಿದೆ. ಒತ್ತೋಕಾಗ್ತಿಲ್ಲ."

ಅವಳು ತಮಾಷೆ ಎಂದುಕೊಂಡಳು. ಅವರ ಮುಖ ನೋಡಿದ ಮೇಲೆ ಅಲ್ಲ ಎಂದು ತಿಳಿಯಿತು.

"ತಪ್ಪು ತಿಳ್ಕೋಬೇಡಿ," ಎಂದರು ಮೇಷ್ಟ್ರು. "ಇದನ್ನ ಒತ್ತಿದ್ರೆ ಏನಾಗತ್ತೆ ಅಂತ ಯೋಚಿಸಿ ಒತ್ತಬೇಕು ಅಂತ ನೀವೇ ಹೇಳಿಕೊಟ್ರಿ. ಒತ್ತಿದ್ರೆ ಈ ಕೋಣೇಲಿ ನಾನೊಬ್ಬನೇ. ಒಂದು ಸರ್ವರ್ ಸತ್ತರೆ ಮತ್ತೊಂದನ್ನ ನಾನು ಎದ್ದು ನಿಲ್ಲಿಸಬಲ್ಲೆನಾ? ಇನ್ನೂ ಒಂದ್ಸಲಾನೂ ಮಾಡಿ ನೋಡಿಲ್ಲ."

"ಕೋಡೇ ಮಾಡತ್ತೆ! ನೀವು ಓಡಿಸಿದ್ರೆ ಸಾಕು."

"ಹಾಗಾದ್ರೆ ಓಡಿಸಿ ನೋಡೋಣ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಬೆಳಿಗ್ಗೆ ಒಂದೇ ಬದಲಾವಣೇಲಿ ಎರಡು ವಿಷಯ ಇತ್ತು. ನಾನು ಓದಿದ್ರೆ ವಾಪಸ್ ಕಳಿಸ್ತಿದ್ದೆ."

"ಅದ್ರಲ್ಲಿದ್ದದ್ದು ನಿಮ್ಮ ಹೆಸರು ಮೇಷ್ಟ್ರೇ!"

"ಅದಕ್ಕೇ."

ಅವಳಿಗೆ ಮುಖ್ಯಸ್ಥರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಾಗಿತ್ತು, ಅವರು ತಡೆದದ್ದು ತಮ್ಮ ಅನುಕೂಲಕ್ಕೆ. ಇವರ ಮೇಲೆ ಹೇಗೆ ಸಿಟ್ಟಾಗುವುದು? ಓದದೆ ಒತ್ತದಂಥ ಒಬ್ಬ ಮನುಷ್ಯ ಈ ಕಟ್ಟಡದಲ್ಲಿ ಸಿಗಬಾರದೇ ಎಂದು ಅವಳು ಎಷ್ಟು ವರ್ಷ ಹಂಬಲಿಸಿದ್ದಳು. ಸಿಕ್ಕಿದ್ದರು, ಅವಳ ಬಾಗಿಲಿಗೇ ಅಡ್ಡ ಕುಳಿತಿದ್ದರು.

ಮರುದಿನ ಉಗ್ರಾಣದಿಂದ ಒಂದು ಖಾಲಿ ಯಂತ್ರ ತರಿಸಿದರು. ಒಳಗೆ ಏನೂ ಇಲ್ಲದ, ಆಗತಾನೆ ಹುಟ್ಟಿದಂಥ ಯಂತ್ರ. ಕೋಡೊಂದನ್ನೇ ನಂಬಿ ಮೇಷ್ಟ್ರು ಅದನ್ನು ಡೇಟಾಬೇಸ್ ಸರ್ವರ್ ಮಾಡಬೇಕು, ಅಕ್ಕ ಹೊರಗಿರಬೇಕು. ಹೊರಗೆ ಎಂದರೆ ಹಜಾರದ ಬೆಂಚು. ಎದುರಿಗೆ ಎಡಕ್ಕೆ, ಶವಾಗಾರಕ್ಕೆ ಹೋಗುವ ದಾರಿ.

ತನ್ನ ಕೋಡಿನ ಮೇಲೆ ಅವಳಿಗೆ ನಂಬಿಕೆಯಿತ್ತು. ಅರ್ಧ ಗಂಟೆಗೊಮ್ಮೆ, ವರ್ಷಗಟ್ಟಲೆ, 'ಎಲ್ಲ ಸರಿಯಿದೆ' ಎಂದು ವರದಿ ಕೊಟ್ಟ ಕೋಡು ಅದು. ಬಾಗಿಲು ತೆರೆದು ಮೇಷ್ಟ್ರು ತಲೆ ಹೊರಹಾಕಿದಾಗ ಮುಗಿಯಿತೆಂದೇ ಎದ್ದಳು.

"ಅಕ್ಕ, ದಾಖಲೆ ಇಡೋ ದೊಡ್ಡ ಡಿಸ್ಕನ್ನ ಯಂತ್ರಕ್ಕೆ ಜೋಡಿಸೋದು ಯಾರು? ಕೋಡು ಅದು ಇದ್ದೇ ಇದೆ ಅಂದ್ಕೊಂಡು ಮುಂದೆ ಹೋಗಿ ಬಿದ್ದುಬಿಡ್ತು."

ಅವಳಿಗೆ ನೆನಪಾಯಿತು. ಜೋಡಿಸಿದವಳು ತಾನು. ಬಹಳ ಹಿಂದೆ, ಗೋಡೆಗೆ ನಿಯಮ ಅಂಟಿಸುವುದಕ್ಕೂ ಮೊದಲು, ಪ್ರತಿ ಯಂತ್ರಕ್ಕೂ ಕೈಯಿಂದ. ಆ ಯಂತ್ರಗಳಲ್ಲಿ ಡಿಸ್ಕು ಮೊದಲೇ ಇದ್ದುದರಿಂದ ಕೋಡಿಗೆ ಕೊರತೆ ಎಂದೂ ಕಾಣಿಸಿರಲಿಲ್ಲ. ಕಟ್ಟಿದ ಮನೆಗೆ ಸುತ್ತು ಬರುವುದು ಅದಕ್ಕೆ ಗೊತ್ತಿತ್ತು. ಮನೆ ಕಟ್ಟುವುದು ಗೊತ್ತಿರಲಿಲ್ಲ.

ಬರೆದಳು. ಮೇಷ್ಟ್ರು ಓದಿ ಒಪ್ಪಿದರು. ಯಂತ್ರವನ್ನು ಪೂರ್ತಿ ಅಳಿಸಿ ಮತ್ತೆ ಮೊದಲಿನಿಂದ. ಈ ಸಲ ಪಾಸ್‌ವರ್ಡುಗಳ ಕಡತದ ಹತ್ತಿರ ನಿಂತಿತು, ಅದನ್ನೂ ಅವಳೇ ಎಂದೋ ಇಟ್ಟಿದ್ದಳು. ಬರೆದಳು, ಅಳಿಸಿದರು, ಮತ್ತೆ ಮೊದಲಿನಿಂದ. ಶುಕ್ರವಾರ ಹೀಗೆ ಹೋಯಿತು. ಇಬ್ಬರ ಊಟದ ಡಬ್ಬಿಗಳೂ ತೆರೆಯದೆ ಹಾಗೇ ವಾಪಸು ಹೋದವು. ಮುಖ್ಯಸ್ಥರು ಒಮ್ಮೆ ಇಳಿದು ಬಂದು ಇಣುಕಿ, "ಮೇಷ್ಟ್ರು ನನಗಿಂತ ಬಿಗಿ ಅಂತ ಗೊತ್ತಿದ್ರೆ ಅವತ್ತೇ ಒತ್ತಿಬಿಡ್ತಿದ್ದೆ," ಎಂದು ನಕ್ಕು ಹೋದರು. ಅವಳು ನಗಲಿಲ್ಲ.

ಶನಿವಾರ ಮಧ್ಯಾಹ್ನ ಬಾಗಿಲು ದೊಡ್ಡದಾಗಿ ತೆರೆಯಿತು. ಪರದೆಯ ತುಂಬ ಹಸಿರು ಸಾಲುಗಳು. ಡೇಟಾಬೇಸು ಎದ್ದಿತ್ತು, ಮಾತಾಡುತ್ತಿತ್ತು. ಅವಳಿಗೆ ಕಣ್ಣು ತುಂಬಿ ಬಂತು. ಬಸ್ಸಿಗೆ ಇನ್ನೂ ಹೊತ್ತಿತ್ತು, ಮುಖ್ಯಸ್ಥರು ಮೇಲೆಯೇ ಇದ್ದರು.

"ಬ್ಯಾಕಪ್ ಒಂದು ನೋಡಿಬಿಡೋಣ," ಎಂದರು ಮೇಷ್ಟ್ರು.

ನೋಡಿದರು. ಬ್ಯಾಕಪ್ ಹೋಗಿರಲಿಲ್ಲ. ದಾಖಲೆಗಳ ನಕಲನ್ನು ಇನ್ನೊಂದು ಕಟ್ಟಡದ ಯಂತ್ರಕ್ಕೆ ಕಳಿಸಬೇಕಿದ್ದ ಕೆಲಸ, ಆ ಯಂತ್ರದೊಳಗೆ ಹೋಗಲು ಬೇಕಾದ ಕೀಲಿಯ ಕಡತ ಇಲ್ಲದೆ, ಯಾರಿಗೂ ಹೇಳದೆ ಸುಮ್ಮನೆ ಬಿಟ್ಟುಕೊಟ್ಟಿತ್ತು. ಹಸಿರು ಹಸಿರಾಗಿಯೇ ಇತ್ತು. ಆ ಕೀಲಿಯನ್ನು ಹಿಂದೆ ಹೊತ್ತುಕೊಂಡು ಹೋಗಿ ಇಟ್ಟವಳು ಯಾರು ಎಂದು ಮೇಷ್ಟ್ರು ಈ ಸಲ ಕೇಳಲಿಲ್ಲ.

ಹೊಸ ಕೀಲಿಯನ್ನು ಆ ಕಟ್ಟಡದ ಯಂತ್ರಕ್ಕೇ ಹೋಗಿ ಸೇರಿಸಬೇಕು, ಆ ಕಟ್ಟಡಕ್ಕೆ ಸೋಮವಾರದವರೆಗೆ ಬೀಗ. ಮೇಷ್ಟ್ರು ತಮ್ಮ ಪರದೆಯಲ್ಲಿ ಅವಳ ಆ ಒಂದು ಸಾಲಿನ ಬದಲಾವಣೆಯನ್ನು ತೆರೆದಿಟ್ಟರು.

"ಅಕ್ಕ, ನಂಗೂ ಮಕ್ಕಳಿದಾರೆ. ಒತ್ತು ಅಂತ ನೀವು ಬಾಯಿಬಿಟ್ಟು ಹೇಳಿ, ಒತ್ತಿಬಿಡ್ತೀನಿ. ನಿಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ಯಂತ್ರ ನಿಂತರೆ ಬ್ಯಾಕಪ್ ಇಲ್ಲದಿದ್ರೂ ನಾನು ಹೇಗೋ ಸಂಭಾಳಿಸ್ತೀನಿ. ಹೇಳಿ."

ಒಂದೇ ಪದ. ಅವಳು ಆ ಸಾಲನ್ನೇ ನೋಡಿದಳು. ಸರ್ವರು ಇವತ್ತೇ ಸಾಯುತ್ತದೆ ಎಂದು ಯಾರು ಹೇಳಿದರು? ಸಾಯದೆಯೂ ಇರಬಹುದು, ಒಂದು ತಿಂಗಳು, ಒಂದು ವರ್ಷ. ಅಷ್ಟರಲ್ಲಿ ಮೇಷ್ಟ್ರು ಕಲಿಯುತ್ತಾರೆ. ಬೇರೆ ಯಾರಾದರೂ ಆಗಿದ್ದರೆ ಹೋಗುತ್ತಿದ್ದರು, ಮೊದಲಿನ ಎಂಜಿನಿಯರು ಹೋಗಲಿಲ್ಲವೇ? ಅವರು ಹೋದದ್ದನ್ನು ನೆನೆದಾಗ ಕಾಗದ ಹಿಡಿದು ಅಲೆದ ಜನ ನೆನಪಾದರು. ಆ ಜನ ಕಣ್ಣಿಗೆ ಬಿದ್ದ ಮೇಲೆ ಬಾಯಿಗೆ ಆ ಪದ ಬರಲಿಲ್ಲ. ಕೊನೆಗೆ ಕೈ ಚಾಚಿ, ಬದಲಾವಣೆಯನ್ನು ತಾನೇ ಹಿಂತೆಗೆದುಕೊಂಡಳು. ಪಟ್ಟಿಯಲ್ಲಿ ಅವಳ ಹೆಸರು ಇದ್ದಲ್ಲೇ ಉಳಿಯಿತು.

ಹಜಾರಕ್ಕೆ ಬಂದು ಮನೆಗೆ ಫೋನು ಮಾಡಿದಳು. ಬರಲಾಗುವುದಿಲ್ಲ ಎಂದು ಗಂಡನಿಗೆ ಹೇಳಿದಳು.

"ಸೋಮವಾರ ಅಂದ್ರೆ ಸೋಮವಾರಾನೇ ಅಂತಾರಾ ಅವ್ರು?"

"ಅಂತಾರೆ ರೀ. ಮುಂದಿನವ್ರಿಗೆ ಹೋಗತ್ತೆ."

"ಇನ್ನೊಂದು ಜಾಗ ಯಾವಾಗ ಬರತ್ತೋ."

"ಗೊತ್ತಿಲ್ಲ."

"ತಡಿ, ಅವ್ಳಿಗೆ ಕೊಡ್ತೀನಿ. ನಂಗೆ ಹೇಳಕ್ಕಾಗಲ್ಲ, ನೀನೇ ಹೇಳು."

ಮಗಳು ಬಂದಳು. ಈ ವಾರ ಬರುವುದಿಲ್ಲ, ಆ ಊರಿನ ಕೆಲಸವೂ ಇಲ್ಲ ಎಂದು ತಾಯಿ ಹೇಳಿದಳು. ಅಳುತ್ತಾಳೆ, ಜಗಳ ಮಾಡುತ್ತಾಳೆ ಎಂದು ಕಾದಳು. ಅತ್ತರೆ ಒಳ್ಳೆಯದಿತ್ತು.

"ಸರಿ ಬಿಡಮ್ಮ," ಎಂದಳು ಮಗಳು.

ದನಿ ಅತ್ತೆಯದು, ಧಾಟಿಯೂ ಅತ್ತೆಯದೇ.

ಅವಳು ಫೋನು ಇಳಿಸಿ ಒಳಗೆ ಬಂದಳು. ಮೇಷ್ಟ್ರು ಚೀಲಕ್ಕೆ ಕನ್ನಡಕ ಹಾಕಿಕೊಳ್ಳುತ್ತಿದ್ದವರು ನಿಂತರು.

"ಮೇಷ್ಟ್ರೇ, ಯಂತ್ರ ಅಳಿಸಿ. ಮೊದಲಿಂದ ಮಾಡೋಣ."

"ಇವತ್ತೇನಾ? ಕೀಲಿ ಹೇಗೂ ಸೋಮವಾರ. ನಿಮ್ಮ ಬಸ್ಸು ಅಕ್ಕ, ಇನ್ನೂ ಹೊತ್ತಿದೆ. ಸುಮ್ನೆ ಮಗೂನ ನೋಡ್ಕೊಂಡಾದ್ರೂ ಬನ್ನಿ."

"ಕೀಲಿ ಒಂದೇನಾ ಬಿಟ್ಟುಹೋಗಿರೋದು? ಇನ್ನೇನೇನು ಬಿಟ್ಟಿದೀನೋ. ಒಂದೊಂದೇ ಹೊರಗೆ ಬರ್ಲಿ. ಮುಂದಿನ ಸಲ ಜಾಗ ಖಾಲಿ ಆದಾಗ ನೀವು ಯೋಚ್ನೆ ಮಾಡದೆ ಒತ್ತೋ ಹಾಗಿರ್ಬೇಕು."

"ಯೋಚ್ನೆ ಮಾಡಿಯೇ ಒತ್ತೋದು," ಎಂದರು ಮೇಷ್ಟ್ರು. ಚೀಲ ಕೆಳಗಿಟ್ಟು ಕುಳಿತು, ಕನ್ನಡಕ ಮತ್ತೆ ಏರಿಸಿ, ಅಳಿಸುವ ಆಜ್ಞೆಯನ್ನು ಒಂದೊಂದೇ ಅಕ್ಷರವಾಗಿ ಬೆರಳಚ್ಚಿಸತೊಡಗಿದರು.

ಅವರು ಹೇಳುವ ಮೊದಲೇ ಅವಳು ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ಬೆಂಚಿನ ಮೇಲೆ ಕುಳಿತಳು.